ಹದ ನೋಡುವ ಕೈ

ನಮ್ಮ ಆಲೆಮನೆಯಲ್ಲಿ ಬಿಸಿ ಎಷ್ಟಿದೆ ಎಂದು ಹೇಳುವ ಹಕ್ಕಿದ್ದದ್ದು ನಮ್ಮಪ್ಪನಿಗೆ ಮಾತ್ರ. ಅದೂ ಅವನ ಬಾಯಿಗಲ್ಲ, ಬಲಗೈಗೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಾಗಿ, ಗುಳ್ಳೆಗಳು ದಪ್ಪನಾಗಿ ಒಡೆಯತೊಡಗಿದಾಗ ಅಪ್ಪ ತಣ್ಣೀರ ಮಡಕೆಯಲ್ಲಿ ಕೈ ಅದ್ದುತ್ತಿದ್ದ. ಅದೇ ಕೈಯನ್ನು ಕುದಿಯುವ ಪಾಕಕ್ಕೆ ಹಾಕಿ, ಚಿಟಿಕೆಯಷ್ಟು ಎತ್ತಿ, ಮತ್ತೆ ನೀರಿಗೆ ತರುತ್ತಿದ್ದ. ಹೊಸಬರು ಯಾರಾದರೂ ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಬೆರಳಲ್ಲಿ ಉಂಡೆ ಕಟ್ಟಿ, ಕೊಪ್ಪರಿಗೆಯ ಅಂಚಿಗೆ ಕುಟ್ಟಿ, ಸದ್ದು ಕೇಳಿ "ಇಳ್ಸಿ" ಅಂದರೆ ನಾಲ್ಕು ಜನ ಕೊಪ್ಪರಿಗೆ ಇಳಿಸಬೇಕು. ಅನ್ನದಿದ್ದರೆ ಮೈಸೂರಿನ ಮಹಾರಾಜರೇ ಬಂದು ಹೇಳಿದರೂ ಇಳಿಸುವಂತಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ನಾಲೆ ನೀರು ಬಂದ ಮೇಲೆ ರಾಗಿ ಹೊಲವೆಲ್ಲ ಕಬ್ಬಿನ ಗದ್ದೆಯಾದ ಊರು ನಮ್ಮದು. ಚಿಕ್ಕಂದಿನಲ್ಲಿ ಆಲೆಮನೆಗೆ ಹೋದ ಮಕ್ಕಳಿಗೆಲ್ಲ ಅಪ್ಪ ಬಿಸಿ ಬೆಲ್ಲದ ಉಂಡೆ ಕೊಡುತ್ತಿದ್ದ. ಬೇರೆಯವರಿಗೆ ಅಂಗೈಗೆ ಹಾಕಿದರೆ ನನಗೆ ಬಾಯಿಗೇ. ಹಾಕುವ ಮೊದಲು ತನ್ನ ಕೆಳತುಟಿಯ ಬಲತುದಿಗೆ ಒತ್ತಿ ಆರಿದೆಯೋ ಇಲ್ಲವೋ ನೋಡುತ್ತಿದ್ದ. ಅವನ ಕೈಗೆ ಬಿಸಿಯೆಂದರೆ ಲೆಕ್ಕವೇ ಇರಲಿಲ್ಲವಲ್ಲ, ಮಗಳ ನಾಲಿಗೆಯ ವಿಚಾರದಲ್ಲಿ ಕೈಯನ್ನೂ ನಂಬುತ್ತಿರಲಿಲ್ಲ. ಇದು ನನ್ನ ಮತ್ತು ಅಪ್ಪನ ನಡುವಿನ ಗುಟ್ಟು. ಅವ್ವ ಕಂಡಿದ್ದರೆ "ಎಂಜ್ಲು ತಿನ್ನುಸ್ತೀಯಾ?" ಎಂದು ಇಬ್ಬರಿಗೂ ಮಂಗಳಾರತಿ ಎತ್ತುತ್ತಿದ್ದಳು.

ಯುದ್ಧದ ಕಾಲ. ಸೀಮೆಎಣ್ಣೆಗೆ ತಾಪತ್ರಯ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ತಳ್ಳಬೇಕು. ನನ್ನನ್ನು ಹೊಳಲಿಗೆ ಮದುವೆ ಮಾಡಿ ಕೊಟ್ಟು ಒಂದೂವರೆ ವರ್ಷವಾಗಿತ್ತು. ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದೆ. ಕಾರ್ತಿಕದಲ್ಲಿ ಗಾಣ ಹೂಡಿದರು. ಹೂಡಿದ ನಾಲ್ಕನೆಯ ದಿನ ಬೆಳಿಗ್ಗೆ ಕೂಲಿಯವರಿಗೆ ಮುದ್ದೆ ತೆಗೆದುಕೊಂಡು ಹೋದವಳು ನಾನೇ ಕಣ್ಣಾರೆ ಕಂಡೆ. ಅಪ್ಪ ಪಾಕಕ್ಕೆ ಕೈ ಹಾಕಿದ, ಎತ್ತಿದ, ಉಂಡೆ ಬೆರಳಿಂದ ಜಾರಿ ಬಿತ್ತು. ಅಪ್ಪ ತನ್ನ ಕೈಯನ್ನು ಇನ್ಯಾರದೋ ಕೈ ನೋಡುವಂತೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಮಾತು ಬರಲಿಲ್ಲ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಮೆಲ್ಲಗೆ ಕುಸಿದ.

ಎಲ್ಲರೂ ಅಪ್ಪನ ಸುತ್ತ ಸೇರಿದರು. ಕೊಪ್ಪರಿಗೆ ಇಳಿಸಲು ಒಬ್ಬರಿಗೂ ತೋಚಲಿಲ್ಲ, ಏಕೆಂದರೆ "ಇಳ್ಸಿ" ಎಂದವರಿಲ್ಲ. ಅಷ್ಟೂ ಪಾಕ ಸೀದು ಕರಿ ಟಾರಾಯಿತು.

ಲಕ್ವ ಎಂದರು. ಬಲಗೈ, ಬಲಗಾಲು, ಬಾಯಿಯ ಬಲಭಾಗ ಬಿದ್ದುಹೋಗಿದ್ದವು. ಹರಳೆಣ್ಣೆ ತಿಕ್ಕಿದರು, ಪಾರಿವಾಳದ ರಕ್ತ ಹಚ್ಚಿದರು. ಕೊನೆಗೆ ನನ್ನ ಚಿಕ್ಕಪ್ಪ ಆಲೆಮನೆಯ ಮದ್ದು ಹೇಳಿದ. ದಿನವಿಡೀ ಗಾಣಕ್ಕೆ ಕಬ್ಬು ಕೊಟ್ಟು ಬೆರಳು ಸೆಟೆದುಕೊಂಡವರು ಸಂಜೆ ಒಲೆಯ ಬೆಚ್ಚನೆಯ ಬೂದಿಯಲ್ಲಿ ಕೈ ಹೂತು ಕೂರುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ.

"ಬೂದಿಗೆ ಊಳಿ ಅತ್ಲಾಗೆ. ನರ ತಾನಾಗೇ ಬುಟ್ಕತದೆ" ಎಂದ.

ಅಪ್ಪನನ್ನು ಆಲೆಮನೆಯ ಒಲೆಯ ಹತ್ತಿರ ಒರಗಿಸಿದರು, ಹೂಳಿದವಳು ನಾನು. ತುಂಬಿದ ಹೊಟ್ಟೆ ಹೊತ್ತುಕೊಂಡು ಮೊರದಲ್ಲಿ ಬೂದಿ ತಂದು ಅಪ್ಪನ ಬಲಗೈ ಮೇಲೆ ಸುರಿದೆ. ಸುರಿಯುವಾಗ ನನ್ನ ಮುಖಕ್ಕೇ ಕಾವು ಬಡಿಯುತ್ತಿತ್ತು. "ಸುಡ್ತದಾ ಅಪ್ಪಯ್ಯ?" ಎಂದೆ. ಕೈ ಮಿಸುಕಲಿಲ್ಲ. ಹಾಗಾದರೆ ಸಾಲದು ಎಂದು ಇನ್ನೊಂದು ಮೊರ ತಂದೆ. ನನ್ನ ಕೈ ಇಟ್ಟು ನೋಡಬಹುದಿತ್ತು. ಅಲ್ಲಿದ್ದ ಆರೇಳು ಜನರಲ್ಲಿ ಯಾರು ಬೇಕಾದರೂ ಇಟ್ಟು ನೋಡಬಹುದಿತ್ತು. ಇಡಲಿಲ್ಲ. ಆ ಆಲೆಮನೆಯಲ್ಲಿ ಅಪ್ಪನ ಕೈ ಇರುವಾಗ ಬೇರೆಯವರ ಕೈಗೆ ಬಿಸಿ ಅಳೆಯುವ ಅಧಿಕಾರವೇ ಇರಲಿಲ್ಲ. ಆ ಕೈ ಸುಮ್ಮನಿದೆ ಎಂದರೆ ಬಿಸಿಯಿಲ್ಲ ಎಂದೇ ಅರ್ಥ. ಸುಟ್ಟ ಕೂದಲಿನ ವಾಸನೆ ಬಂದ ಮೇಲೆ ಎಚ್ಚೆತ್ತು ಬೂದಿ ಕೆದಕಿದರೆ ಅಂಗೈಯ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು. ಅಪ್ಪ ಅದನ್ನೂ ಇನ್ಯಾರದೋ ಕೈಯಂತೆ ನೋಡುತ್ತಿದ್ದ. ಈಗಲೂ ಒಲೆಯ ಮುಂದೆ ಕೂತರೆ ನನಗೆ ಆ ವಾಸನೆ ಬರುತ್ತದೆ.

ಗಾಡಿ ಕಟ್ಟಿಕೊಂಡು ಮದ್ದೂರಿಗೆ ಹೋದೆವು. ಅಲ್ಲೊಬ್ಬ ಡಾಕ್ಟರು, ಮೈಸೂರು ಕಡೆಯವರು, ಸಣಕಲು ಮನುಷ್ಯ. ಗಾಯಕ್ಕೆ ಮುಲಾಮು ಹಚ್ಚಿ ಬಟ್ಟೆ ಸುತ್ತಿ, "ಬೂದಿ ಹಾಕಿದ್ದು ಯಾರು?" ಎಂದರು. ನಾನೇ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಬೈಯದೆ ಒಂದು ಗುಂಡುಸೂಜಿ ತೆಗೆದು ನನ್ನನ್ನು ಹತ್ತಿರ ಕರೆದರು. ಅಪ್ಪನ ಎಡಗೈಗೆ ಚುಚ್ಚಿದರು, ಕೈ ಚಟ್ಟನೆ ಹಿಂದೆ ಸರಿಯಿತು. ಬಲಗೈಗೆ ಚುಚ್ಚಿದರು, ಏನೂ ಇಲ್ಲ.

"ಗದ್ದೆಗೆ ನೀರು ಬರದಿದ್ದರೆ ಏನು ಮಾಡ್ತೀರಿ? ಗದ್ದೆಗೆ ಎಣ್ಣೆ ತಿಕ್ಕುತ್ತೀರಾ?" ಎಂದು ಚಿಕ್ಕಪ್ಪನನ್ನು ಕೇಳಿದರು.

"ಎಲ್ಲಾರ ಉಂಟಾ ಸ್ವಾಮಿ? ಮೇಲ್ಗಡೆ ತೂಬು ನೋಡ್ತೀವಿ."

"ಹಾಗೇ ಇದೂ. ಸುಟ್ಟದ್ದು ಬಿಟ್ಟರೆ ಈ ಕೈ ಚೆನ್ನಾಗೇ ಇದೆ. ಕೆಟ್ಟಿರುವುದು ತಲೆಯಲ್ಲಿ." ಹೀಗೆಂದು ಅಪ್ಪನ ತಲೆಯ ಎಡಭಾಗವನ್ನು ಮುಟ್ಟಿ ತೋರಿಸಿದರು. ಬಲಗೈ ಸತ್ತಿದ್ದರೆ ಎಡಭಾಗ ಏಕೆ ಮುಟ್ಟುತ್ತಾರೆ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಮಿದುಳಿಗೆ ಎರಡು ಹೋಳುಗಳಿವೆಯಂತೆ. ಅಲ್ಲಿಂದ ಇಳಿಯುವ ನರದ ದಾರಿಗಳು ಕತ್ತಿನ ಹತ್ತಿರ ಒಂದನ್ನೊಂದು ದಾಟಿ, ಎಡದವು ಬಲಕ್ಕೆ, ಬಲದವು ಎಡಕ್ಕೆ ಹೋಗುತ್ತವಂತೆ. ಎಡ ಹೋಳಿನಲ್ಲಿ ರಕ್ತದ ನಾಳವೊಂದು ಕಟ್ಟಿಕೊಂಡು ಅಷ್ಟು ಜಾಗ ಒಣಗಿದೆ, ಮಾತಿನ ಜಾಗವೂ ಅಲ್ಲೇ ಪಕ್ಕದಲ್ಲಿದ್ದುದರಿಂದ ಮಾತೂ ಹೋಗಿದೆ ಎಂದರು.

ನನಗೆ ಕೂತ ಕಡೆಯೇ ಮೈ ಜುಮ್ಮೆಂದಿತು. ಇಷ್ಟು ವರ್ಷ ನನ್ನ ಬಲಗೈಯಲ್ಲಿ ಮುದ್ದೆ ಮುರಿದಿದ್ದೇನೆ, ಅದನ್ನು ಆಡಿಸುತ್ತಿದ್ದುದು ತಲೆಯ ಎಡಗಡೆ ಎಂದು ಒಂದು ದಿನವೂ ಗೊತ್ತಾಗಿರಲಿಲ್ಲ.

ಆಮೇಲೆ ಸಣ್ಣ ಸುತ್ತಿಗೆಯಿಂದ ಮೊಣಕಾಲ ಕೆಳಗೆ ತಟ್ಟಿದರು. ಎಡಗಾಲು ಸ್ವಲ್ಪ ಎಗರಿತು. ಬಿದ್ದುಹೋದ ಬಲಗಾಲು ಅದರ ಎರಡರಷ್ಟು ಎಗರಿತು. ಚಿಕ್ಕಪ್ಪ ಕುಣಿದಾಡಿಬಿಟ್ಟ. "ಬಂತು ಕಣಮ್ಮಣ್ಣಿ, ಕಾಲು ಬಂತು!"

"ಇಲ್ಲ ಕಣಯ್ಯ" ಎಂದರು ಡಾಕ್ಟರು. ಆ ಎಗರು ತಲೆಯಿಂದ ಬಂದದ್ದಲ್ಲವಂತೆ. ಬೆನ್ನುಮೂಳೆಯೊಳಗೆ ಒಂದು ದಪ್ಪ ನರದ ಹುರಿಯಿದೆ, ತಟ್ಟಿದ ಸುದ್ದಿ ಅಲ್ಲಿಯವರೆಗೆ ಹೋಗಿ ಅಲ್ಲಿಂದಲೇ ತಿರುಗಿ ಬರುತ್ತದೆ. ಬಿಸಿ ತಾಗಿದರೆ ಕೈ ಎಳೆದುಕೊಳ್ಳುವುದೂ ಹಾಗೆಯೇ, ಸುಟ್ಟಿತು ಎಂದು ನಮಗೆ ಗೊತ್ತಾಗುವ ಮೊದಲೇ ಕೈ ಬಂದಾಗಿರುತ್ತದೆ. ಬೇಡದ ಕಡೆ ಹಾಗೆ ಎಗರದಂತೆ ಹಗ್ಗ ಬಿಗಿಹಿಡಿದಿರುವುದು ತಲೆಯ ಕೆಲಸ. ಹಗ್ಗ ತುಂಡಾದ್ದರಿಂದ ಕಾಲು ಜಾಸ್ತಿ ಎಗರಿತು. ಕೈಯಲ್ಲಿ ಮಾತ್ರ ಲಕ್ವದ ಹೊಡೆತಕ್ಕೆ ಆ ಎಳೆತವೂ ಮಂಕಾಗಿದೆ, ಅದಕ್ಕೇ ಬೂದಿಯಲ್ಲಿ ಮಿಸುಕಲಿಲ್ಲ ಎಂದರು.

ಅಪ್ಪ ಕುದಿಯುವ ಪಾಕಕ್ಕೆ ಕೈ ಹಾಕುತ್ತಿದ್ದುದನ್ನು ಅವರಿಗೆ ಹೇಳಿದೆ. ಅವರು ಅಪ್ಪನ ಕಡೆ ತಿರುಗಿ, "ನೀರಿನ ಪಸೆ ಒಂದು ಗಳಿಗೆ ಕಾಯುತ್ತದೆ, ಸರಿ. ಆದರೆ ಎಳೆದುಕೋ ಎಂದು ಬೆನ್ನು ಹೇಳುತ್ತಿರುವಾಗ ತಾಳು ಎಂದು ತಲೆ ಹೇಳಬೇಕಲ್ಲ. ಅದಕ್ಕೆ ಎಷ್ಟು ವರ್ಷ ಬೇಕಾಗಿತ್ತೋ" ಎಂದರು. ನಮ್ಮಪ್ಪನನ್ನು ಓದಿದವರೊಬ್ಬರು ಹಾಗೆ ಗೌರವದಿಂದ ನೋಡಿದ್ದು ಅದೇ ಮೊದಲು.

ಹೊರಡುವಾಗ ಚಿಕ್ಕಪ್ಪ ಕೇಳಬಾರದ್ದನ್ನು ಕೇಳಿದ. "ಬುದ್ಧೀನೂ ಓಯ್ತಾ ಸ್ವಾಮಿ?"

"ಮಾತು ಹೋಗಿದೆ. ಬುದ್ಧಿ ಇದೆಯೋ ಇಲ್ಲವೋ ಸೂಜಿ ಚುಚ್ಚಿ ನೋಡಲು ನನಗೆ ಬರುವುದಿಲ್ಲ. ಅದನ್ನು ಮನೆಯವರೇ ನೋಡಬೇಕು" ಎಂದರು.

ಚಿಕ್ಕಪ್ಪ ಗಾಡಿ ಊರು ತಲುಪುವುದರೊಳಗೆ ನೋಡಿ ಮುಗಿಸಿದ್ದ. "ತಲೆ ಓಗ್ಬುಟ್ಟದೆ" ಎಂದು ಊರಿಗೆಲ್ಲ ಹೇಳಿದ. ಅವನೇನು ಕೆಟ್ಟವನಲ್ಲ, ಗದ್ದೆಯಲ್ಲಿ ಕಬ್ಬು ನಿಂತಿತ್ತು. ಬೆಳಕವಾಡಿಯಿಂದ ಪಾಕ ನೋಡುವವನೊಬ್ಬನನ್ನು ಕರೆಸಿದ. ಅಂದಿನಿಂದ ಮನೆಯವರು ಒನಕೆಯ ಮುಂದೆ ಮಾತಾಡುವ ಹಾಗೆ ಅಪ್ಪನ ಮುಂದೆ ಮಾತಾಡತೊಡಗಿದರು. ನಾನು ಹೆತ್ತು ಐದನೇ ತಿಂಗಳಿಗೆ ಹೊಳಲಿಗೆ ಹೊರಡಬೇಕು. ಅಷ್ಟರೊಳಗೆ ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು. ಆ ತಲೆಯೊಳಗೆ ನನ್ನಪ್ಪ ಇದ್ದಾನೋ ಇಲ್ಲವೋ. ಇದ್ದರೆ, ಕೈ ಸುಟ್ಟವಳು ಮಗಳು ಎಂದಾದರೂ ಅವನಿಗೆ ಗೊತ್ತಿರಬೇಕು ಎನ್ನುವಷ್ಟು ಆಸೆ ನನಗೆ.

ಹೆಣ್ಣು ಕೂಸು ಹುಟ್ಟಿತು. ಸೋಮಾರಿ ಕೂಸು, ಮಲಗುವುದೇ ಕಸುಬು. ಬಿಸಿಲು ಕಾಯಿಸಲು ಹೊರಗೆ ತಂದಾಗ ಜಗಲಿಯ ಮೇಲೆ ಅಪ್ಪನ ಪಕ್ಕ ಮಲಗಿಸುತ್ತಿದ್ದೆ. ಒಂದು ದಿನ ಅದರ ಅಂಗೈಗೆ ಅಪ್ಪನ ಬಲಗೈಯ ಬೆರಳು ತಾಗಿತು. ಕೂಸು ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹುಟ್ಟಿ ಹತ್ತು ದಿನದ ಕೂಸಿಗೆ ಹಿಡಿಯುತ್ತಿದ್ದೇನೆಂದು ಗೊತ್ತಿಲ್ಲ, ಅಪ್ಪನಿಗೆ ಯಾರೋ ಹಿಡಿದಿದ್ದಾರೆಂದು ಗೊತ್ತಿಲ್ಲ. ನಾನೊಬ್ಬಳೇ ನೋಡುತ್ತ ಕೂತಿದ್ದೆ. ನನಗೆ ಅಳುವೂ ಬಂತು, ಇದೇನು ಸೃಷ್ಟಿಯಪ್ಪಾ ಎಂದು ಬೆರಗೂ ಆಯಿತು.

ತೊಟ್ಟಿಲ ಶಾಸ್ತ್ರಕ್ಕೆ ಹೊಳಲಿನಿಂದ ನಮ್ಮ ಮಾವ, ಬೀಗರು ಎಲ್ಲ ಬಂದರು. ಮಾವ ಜಗಲಿಗೆ ಹೋಗಿ ಬಗ್ಗಿ, "ಎಂಗಿದ್ದೀರಿ ಬೀಗ್ರೇ?" ಎಂದರು. ಎರಡು ತಿಂಗಳಿಂದ ಒಂದಕ್ಷರ ಆಡದಿದ್ದ ಅಪ್ಪ ಅವರ ಮುಖ ನೋಡಿ, ಅಕ್ಷರ ಅಕ್ಷರ ಬಿಡಿಸಿದಂತೆ, "ಬಡ್ಡೀಮಗನೆ" ಎಂದ. ಎತ್ತಿಗೂ ಆ ಮಾತು ಆಡಿದವನಲ್ಲ ನಮ್ಮಪ್ಪ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಸಂಸಾರ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಮ್ಮ ಮಾವ ಮಂಡ್ಯದ ಮಣ್ಣಿನವರು, ತುಸು ಯೋಚಿಸಿ, "ಬೈಯಕ್ಕಾದ್ರೂ ಬಾಯಿ ಬಂತಲ್ಲ, ಬುಡಮ್ಮ. ಇವತ್ತು ಬೈದೋರು ನಾಳೆ ಮಾತಾಡ್ತಾರೆ" ಎಂದು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿದರು. ಅಪ್ಪನಿಗೆ ಅವಮಾನವಾದಂತೆ ಕಣ್ಣು ತುಂಬಿತ್ತು. ಅದನ್ನು ನೋಡಿದ್ದು ನಾನೊಬ್ಬಳೇ. ಬುದ್ಧಿ ಹೋದವನಿಗೆ ಅವಮಾನವಾಗುತ್ತದೆಯೇ ಎಂದು ಅಂದಿನಿಂದ ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು.

ಬೀಗರೂಟಕ್ಕೆ ಮೇಕೆ ಕಡಿದಿದ್ದರು. ಮಾರನೆಯ ದಿನ ಅವ್ವ ತಲೆ ಒಡೆದು ಮಿದುಳನ್ನು ತಟ್ಟೆಗೆ ಹಾಕಿ, "ಉರುದು ನಿಮ್ಮಪ್ಪಂಗೆ ತಿನ್ಸು. ಮಿದ್ಲು ಓದೋರ್ಗೆ ಮಿದ್ಲೇ ಮದ್ದು" ಎಂದಳು. ಹಿಂದೆ ಎಷ್ಟೋ ಸಲ ಈರುಳ್ಳಿ ಮೆಣಸು ಹಾಕಿ ಹುರಿದಿದ್ದೇನೆ. ಅವತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಬೆಣ್ಣೆಯಷ್ಟು ಮೆತ್ತಗೆ, ನೆರಿಗೆ ನೆರಿಗೆ. ಡಾಕ್ಟರು ಹೇಳಿದಂತೆಯೇ ನಡುವೆ ಸೀಳು, ಎರಡು ಹೋಳು. ಹಿಂದೆ ಕೆಳಗಡೆ ಇನ್ನೊಂದು ಪುಟ್ಟ ಗಂಟು, ಅದರ ಬುಡದಿಂದ ಬೆನ್ನಿಗೆ ಇಳಿಯುವ ದಂಟು. ಬೆರಳು ಒತ್ತಿದರೆ ಹರಿದುಹೋಗುವಂಥ ಈ ಒಂದು ಹಿಡಿಯೊಳಗೆ ಮೇಕೆ ತನ್ನ ಮರಿಯ ದನಿ ಗುರುತಿಟ್ಟುಕೊಂಡಿತ್ತು, ಮನೆಯ ದಾರಿ ಇಟ್ಟುಕೊಂಡಿತ್ತು. ಇಂಥದ್ದೇ ದೊಡ್ಡದೊಂದರಲ್ಲಿ ನಮ್ಮಪ್ಪನ ಹದ, ಅವನ ಮಾತು, ಬಾಲ್ಯದ ನಾನು. ದೇವರ ಗುಡಿಯಲ್ಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ. "ಅದೇನ್ ಮಕ ನೋಡ್ಕಂಡ್ ಕೂತಿದ್ದೀಯ, ಒಲೆ ಆರೋಯ್ತದೆ" ಎಂದು ಅವ್ವ ಗದರಿದಳು. ಅವಳೇ ಹುರಿದಳು, ಅಪ್ಪ ತಿಂದ. ಮಾತು ಬರಲಿಲ್ಲ ಬಿಡಿ.

ಒಂದು ಮಧ್ಯಾಹ್ನ ಎಣ್ಣೆ ತಿಕ್ಕುವಾಗ ನನ್ನ ಉಗುರು ಕೂಸಿನ ಅಂಗಾಲಿಗೆ ಗೀರಿತು. ಹೆಬ್ಬೆರಳು ಮೇಲಕ್ಕೆದ್ದು ಉಳಿದ ಬೆರಳುಗಳು ಬೀಸಣಿಗೆಯಂತೆ ಅರಳಿದವು. ಮದ್ದೂರಿನಲ್ಲಿ ಡಾಕ್ಟರು ಅಪ್ಪನ ಬಲ ಅಂಗಾಲು ಗೀರಿದಾಗ ಹೆಬ್ಬೆರಳು ಹೀಗೆಯೇ ಎದ್ದಿತ್ತು, ಎಡಗಾಲಿನದು ಕೆಳಕ್ಕೆ ಮಡಿಚಿಕೊಂಡಿತ್ತು. ಮೇಲೆದ್ದರೆ ತಲೆಯಿಂದ ಬರುವ ದಾರಿ ಕೆಟ್ಟಿದೆ ಎಂದು ಅರ್ಥ ಎಂದಿದ್ದರು. ಕೂಸಿನ ಇನ್ನೊಂದು ಕಾಲು ಗೀರಿದೆ, ಅದೂ ಮೇಲೆ. ಎರಡು ಕಡೆಯೂ ಲಕ್ವ! ಯಾರಿಗೂ ಹೇಳದೆ ಮೂರು ದಿನ ಅನ್ನ ನೀರು ಸೇರದೆ ಒದ್ದಾಡಿದೆ. ಅಪ್ಪನ ಗಾಯ ತೋರಿಸಲು ಗಾಡಿ ಕಟ್ಟಿದಾಗ ಬಾಣಂತಿ ಎಂದು ಅವ್ವ ಬೇಡವೆಂದರೂ ಕೂಸನ್ನೆತ್ತಿಕೊಂಡು ಹತ್ತಿಬಿಟ್ಟೆ.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕೋಪ ನೆತ್ತಿಗೇರಿತು. ಆಮೇಲೆ ನಗು ನಿಲ್ಲಿಸಿ ಹೇಳಿದರು. "ಎಲ್ಲ ಕೂಸುಗಳಿಗೂ ಹೀಗೇ ಇರುತ್ತಮ್ಮ. ತಲೆಯಿಂದ ಕಾಲಿಗೆ ಹೋಗುವ ದಾರಿ ಹುಟ್ಟುವಾಗ ಪೂರ್ತಿ ಆಗಿರುವುದಿಲ್ಲ. ನಡೆಯೋ ಹೊತ್ತಿಗೆ ಸರಿಹೋಗುತ್ತದೆ. ನಿಮ್ಮಪ್ಪನಿಗೆ ದಾರಿ ಕಿತ್ತುಹೋಗಿದೆ, ಇವಳಿಗೆ ಇನ್ನೂ ದಾರಿ ಹಾಕುತ್ತಿದ್ದಾರೆ." ಬೈಗುಳದ ಕತೆಯನ್ನೂ ಕೇಳಿದೆ. ನಾವು ಯೋಚಿಸಿ ಆಡುವ ಮಾತು ಒಂದು ಕಡೆ, ಸಿಟ್ಟಿನ ಬೈಗುಳ, ಬಾಯಿಪಾಠದ ಹಾಡು ಇಂಥವೆಲ್ಲ ಇನ್ನೊಂದು ಕಡೆ ಇರುತ್ತವೆಯಂತೆ. ಅಪ್ಪ ಹೇಳಲು ಹೊರಟದ್ದು "ಬನ್ನಿ ಕೂತ್ಕಳಿ" ಎಂದೇ ಇರಬಹುದು, ಬಾಗಿಲು ತೆರೆದದ್ದು ಅದೊಂದೇ ಮಾತಿಗೆ. "ಹಾಗಾದರೆ ಒಳಗೆ ಇದ್ದಾರಾ?" ಎಂದೆ. "ನಾನು ಹೇಳಿದೆನಲ್ಲ, ನೀವು ನೋಡಬೇಕು. ಒಣಗಿದ ಜಾಗ ಚಿಗುರುವುದಿಲ್ಲ, ಆದರೆ ಪಕ್ಕದ ಜಾಗ ಕೆಲಸ ಕಲಿಯುತ್ತದೆ. ಎಡಗೈಗೆ ಕೆಲಸ ಕೊಡಿ" ಎಂದರು.

ಕೊಟ್ಟೆ. ಕೂಸು ಕೈ ನೋಡಿಕೊಂಡು ಆಡುತ್ತಿದ್ದರೆ ಅದರ ಪಕ್ಕ ಅಪ್ಪ ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಮೊದಮೊದಲು ಕಾಳು ಬೀದಿಗೆ ಹಾರುತ್ತಿತ್ತು. ಕೂಸು ಕತ್ತು ನಿಲ್ಲಿಸುವ ಹೊತ್ತಿಗೆ ಅಪ್ಪ ಕೋಲೂರಿ ನಿಂತ. ಯಾರಿಗೆ ಯಾರು ಸಮ ಎಂದು ಚಿಕ್ಕಪ್ಪ ಚುಡಾಯಿಸುತ್ತಿದ್ದ.

ನಾನು ಹೊರಡುವ ಹಿಂದಿನ ದಿನ ಆ ವರ್ಷದ ಕೊನೆಯ ಕೊಪ್ಪರಿಗೆ. ಅವ್ವ, ನಾನು, ಕೂಸು ಎಲ್ಲರೂ ಆಲೆಮನೆಗೆ ಹೋಗಿದ್ದೆವು. ಅಪ್ಪ ಕಾಲೆಳೆದುಕೊಂಡು ತಾನಾಗಿಯೇ ಬಂದು ಕೊಪ್ಪರಿಗೆಯ ಪಕ್ಕದ ಮರದ ತುಂಡಿನ ಮೇಲೆ ಕೂತ. ಬೆಳಕವಾಡಿಯವನು ಹದ ನೋಡಿ "ಇಳ್ಸಿ" ಎನ್ನಲು ಬಾಯಿ ತೆರೆದ. ಅಪ್ಪ ಕೋಲೆತ್ತಿ ಅಡ್ಡ ಹಿಡಿದು "ಬಡ್ಡೀಮಗನೆ!" ಎಂದ. ಈ ಸಲ ಸರಿಯಾದ ಜಾಗಕ್ಕೇ ಬಿದ್ದಿತ್ತು ಅದು. ಆಳುಗಳು ನಿಂತರು.

ಅಪ್ಪ ಎಡಗೈಯನ್ನು ತಣ್ಣೀರಿಗೆ ಅದ್ದಿದ. ಐವತ್ತು ವರ್ಷ ಆ ಕೈ ಈ ಕೆಲಸ ಮಾಡಿದ್ದೇ ಇಲ್ಲ. ಪಾಕಕ್ಕೆ ಹಾಕಿ ಎತ್ತಿದ, ನೀರಿಗೆ ತಂದ, ಸೊಟ್ಟಪಟ್ಟ ಉಂಡೆ ಕಟ್ಟಿ ಅಂಚಿಗೆ ಕುಟ್ಟಿ, ಕಿವಿ ಕೊಟ್ಟು, ತಲೆಯಾಡಿಸಿದ. ಆಗಿಲ್ಲ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ಹಾಗೆಯೇ ಮಾಡಿ ಚಿಕ್ಕಪ್ಪನ ಕಡೆ ನೋಡಿ ಆಯಿತೆಂದು ಗೋಣು ಹಾಕಿದ. ಚಿಕ್ಕಪ್ಪ ಆಳುಗಳ ಕಡೆ ತಿರುಗಿದ. "ಇಳ್ಸ್ರಲಾ, ಅಣ್ಣ ಯೋಳ್ತಾವ್ನೆ" ಎಂದ. ಆಮೇಲೆ ಅಚ್ಚಿನಿಂದ ಬಿಡಿಸುವಾಗ ಆ ಬೆಲ್ಲ ಟಣ್ಣೆನ್ನುವಷ್ಟು ಗಟ್ಟಿಯಾಗಿತ್ತು. ಬಲಗೈ ಕಲಿತದ್ದು ಎಡಗೈಗೆ ಹೇಗೆ ಬಂತು ಎಂದು ಎಲ್ಲರೂ ಬೆರಗಾದರು. ಹದ ಯಾವತ್ತೂ ಕೈಯಲ್ಲಿ ಇರಲೇ ಇಲ್ಲ ಎಂದು ನನಗೆ ಆಗ ಅರ್ಥವಾಯಿತು.

ಆದರೆ ಹದ ನೆನಪಿರುವುದು ಬೇರೆ, ಮಗಳು ನೆನಪಿರುವುದು ಬೇರೆ. ನನಗೆ ಬೇಕಿದ್ದ ಉತ್ತರ ಇನ್ನೂ ಸಿಕ್ಕಿರಲಿಲ್ಲ.

ಕೊಪ್ಪರಿಗೆ ಇಳಿಸುತ್ತಿದ್ದಂತೆ ಅಪ್ಪ ಎಡಗೈಯನ್ನು ಮತ್ತೆ ನೀರಿಗದ್ದಿ ಬಿಸಿ ಬೆಲ್ಲದ ಇನ್ನೊಂದು ಉಂಡೆ ಕಟ್ಟಿದ. ಅದನ್ನು ಬಾಯಿಯ ಹತ್ತಿರ ಒಯ್ದು ಕೆಳತುಟಿಯ ಬಲತುದಿಗೆ, ಹಿಂದೆ ಒತ್ತುತ್ತಿದ್ದ ಜಾಗಕ್ಕೇ ಒತ್ತಿದ. ಅಲ್ಲಿ ಅವನಿಗೆ ಏನೂ ತಿಳಿಯುವುದಿಲ್ಲ, ಅನ್ನದ ಅಗುಳು ಅಂಟಿದ್ದರೂ ನಾವೇ ಒರೆಸಬೇಕಿತ್ತು. ಏನೂ ತಾಗಲಿಲ್ಲ ಎಂದರೆ ಆರಿದೆ ಎಂದುಕೊಳ್ಳಬೇಕು. ನಾನು ಬೂದಿ ಹಾಕಿದ ದಿನ ಅಂದುಕೊಂಡದ್ದೂ ಅದನ್ನೇ. ಅಪ್ಪ ಒತ್ತಿಕೊಂಡೇ ತಡೆದ. ಹುಬ್ಬು ಗಂಟಾಯಿತು. ತೊಡೆಯ ಮೇಲೆ ಬಿದ್ದಿದ್ದ ತನ್ನ ಬಲಗೈಯ ಸುಟ್ಟ ಕಲೆಯನ್ನು ನೋಡಿದ. ಆಮೇಲೆ ಉಂಡೆಯನ್ನು ಮೆಲ್ಲಗೆ ಸರಿಸಿ, ತುಟಿಯ ಎಡತುದಿಗೆ ಒತ್ತಿದ. ಸುರ್ರೆಂದು ಹಿಂದಕ್ಕೆಳೆದುಕೊಂಡ. ಇನ್ನೂ ಬಿಸಿಯಿತ್ತು. ಸೊಟ್ಟ ಬಾಯಿಯಲ್ಲಿ ಊದಿ ಊದಿ, ಮತ್ತೆ ಎಡತುದಿಗೆ ಒತ್ತಿ ನೋಡಿದ.

ಅರ್ಧ ಸತ್ತ ಆ ತಲೆ, ಸತ್ತ ಅರ್ಧ ಯಾವುದೆಂದು ತಾನೇ ಕಂಡುಕೊಂಡು, ಇದನ್ನು ನಂಬಬಾರದು ಎಂದು ತೀರ್ಮಾನಿಸಿ, ಇನ್ನೊಂದು ದಾರಿ ಹಿಡಿದಿತ್ತು. ಅದೂ ಯಾರಿಗಾಗಿ! ಇಷ್ಟು ವರ್ಷವಾಯಿತು, ಮೊಮ್ಮಗಳ ಪುಸ್ತಕದಲ್ಲಿ ಮಿದುಳಿನ ಚಿತ್ರ ನೋಡಿದ್ದೇನೆ, ಹೆಸರುಗಳನ್ನೆಲ್ಲ ಓದಿಸಿಕೊಂಡಿದ್ದೇನೆ. ಆ ಒಂದು ಗಳಿಗೆಯಷ್ಟು ದೊಡ್ಡದು ಯಾವುದನ್ನೂ ನಾನು ಕಂಡಿಲ್ಲ.

ಅಪ್ಪ ನನ್ನ ಕಡೆ ತಿರುಗಿ ಎಡಗೈ ಚಾಚಿದ. ನಾನು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಗ್ಗಿ, ಅಷ್ಟೂ ಜನರ ಮುಂದೆ ಬಾಯಿ ತೆರೆದೆ. ಉಂಡೆ ನಾಲಿಗೆಯ ಮೇಲೆ ಬಿತ್ತು, ಹದವಾಗಿ ಆರಿತ್ತು.

ಅವ್ವ ಎದುರಿಗೇ ನಿಂತು ಎಲ್ಲವನ್ನೂ ನೋಡಿದಳು. ಎಂಜಲು ಎನ್ನಲಿಲ್ಲ.